ಅರಮನೆಗಳ ನೆಲ

ಆಗ್ರಾ, ಗುರುವಾರ

ಜೀಜಿ, ನಿನ್ನ ಪಾದಗಳಿಗೆ ತಂಗಿ ಮನಭರಿ ಮಾಡುವ ನಮಸ್ಕಾರ.

ಮದುವೆಗೆ ಮುಂಚೆ ನಾವಿಬ್ಬರೂ ಮಾಳಿಗೆಯ ಮೇಲೆ ಕೂತು ಜೈಪುರ, ಆಗ್ರಾ, ದಿಲ್ಲಿ ಎಂದು ಊರು ಆರಿಸಿದೆವಲ್ಲ, ಅದೇ ಪ್ರವಾಸ ನಡೆದಿದೆ. ಇವರು ನಮ್ಮಿಬ್ಬರಿಗೆಂದೇ ಜೀಪು ಗೊತ್ತುಮಾಡಿದ್ದರು. "ಇಷ್ಟು ಸೀಟು ಖಾಲಿ ಹೋಗತ್ತಲ್ಲೋ!" ಎಂದು ಮಾವ ಅತ್ತೆಯನ್ನೂ ಕರೆದುಕೊಂಡು ಹತ್ತಿ ಕೂತರು. ಮಾವನೆದುರು ಸೊಸೆ ಮುಖ ತೋರಿಸುವಂತಿಲ್ಲ. ಮದುವೆಯ ದಪ್ಪ ಮುಸುಕನ್ನು ಗದ್ದದವರೆಗೆ ಎಳೆದುಕೊಂಡೇ ತಿರುಗುತ್ತಿದ್ದೇನೆ. ಅರಮನೆಗಳ ನೆಲ ಹೇಗಿದೆಯೆಂದು ಬೇಕಾದರೆ ಕೇಳು, ಹೇಳುತ್ತೇನೆ.

ಜೈಪುರದ ಕನ್ನಡಿ ಮಹಲಿನಲ್ಲಿ ಇವರು ಮೆಲ್ಲಗೆ, "ಒಂದ್ಸಲ ಮೇಲೆ ನೋಡೇ" ಎಂದರು. ಮುಸುಕನ್ನು ಎರಡು ಬೆರಳಷ್ಟು ಎತ್ತಿದ್ದೆ, ಹಿಂದಿನಿಂದ ಮಾವ ಕೆಮ್ಮಿದರು. "ಮುಚ್ಕೋ ಬಹೂ, ಮಹಲೇನು ಎದ್ದು ಓಡಿಹೋಗತ್ತಾ?" ಎಂದರು ಅತ್ತೆ. ಇವರು ಛಾವಣಿ ನೋಡುತ್ತ ಮುಂದೆ ಹೋದರು.

ನಾವೆಲ್ಲ ಆರೋಗ್ಯ. ಮಾವನಿಗೆ ನೆಗಡಿ ಕೂಡ ಇಲ್ಲ, ಆದರೂ ಪ್ರತಿ ಅರಮನೆಯಲ್ಲೂ ಕೆಮ್ಮುತ್ತಾರೆ.

ತಾಜ್ ಮಹಲ್ ಹೇಗಿತ್ತು ಎಂದು ಕೇಳಬೇಡ. ಈ ಕಾರ್ಡು ತಿರುಗಿಸಿ ಹಿಂದಿನ ಚಿತ್ರ ನೋಡು. ಕೋಣೆಗೆ ಬಂದ ಮೇಲೆ ನಾನೂ ಅದನ್ನು ಈ ಚಿತ್ರದಲ್ಲೇ ನೋಡಿದ್ದು.

ಬಾಗಿಲಾಚೆ ಕೆಮ್ಮು ಕೇಳಿತು. ನಿಲ್ಲಿಸುತ್ತೇನೆ.

ನಿನ್ನ ಮನ್ನಿ