ಮಿನಾಜಳಿಗೆ ನೀವು ಕುಡಿಸಿದ ಹಾಲು

ಮಕ್ಕಳ ಪೌಷ್ಟಿಕತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಟಿಕೋಟಾದ ನಮ್ಮ ಶಾಲೆಯ ವೇದಿಕೆಯ ಮೇಲೆ, ಕ್ಯಾಮೆರಾದ ಎದುರು, ನನ್ನ ಏಳು ವರ್ಷದ ಮಗಳು ಮಿನಾಜಳಿಗೆ ನೀವು ಬಲವಂತವಾಗಿ ಹಾಲು ಕುಡಿಸಿದಿರಿ. ಊರಿನ ಮುಂದೆ ಮಾಡಿದ ತಪ್ಪನ್ನು ಊರಿನ ಮುಂದೆಯೇ ಹೇಳಬೇಕೆಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಹಾಲು ಅಮೃತವೆಂದು ಭಾಷಣ ಮಾಡಿದಿರಿ. ಇರಲಿ, ಅಮೃತವೇ. ಆದರೆ ನನ್ನ ಇಬ್ಬರು ಮಕ್ಕಳಿಗೂ ಹುಟ್ಟಿನಿಂದಲೇ ಒಂದು ಅಪರೂಪದ ದೋಷವಿದೆ. ಹಾಲು, ಮೊಟ್ಟೆ, ಬೇಳೆಯಲ್ಲಿರುವ ಪ್ರೋಟೀನಿನ ಒಂದು ಅಂಶವನ್ನು ಅವರ ದೇಹ ಅರಗಿಸಿಕೊಳ್ಳದು; ಅದು ರಕ್ತದಲ್ಲಿ ಕೂಡಿಕೊಂಡು ಮಿದುಳನ್ನು ಕೆಡಿಸುತ್ತದೆ. ಹಿರಿಯ ಮಗ ಸೊಹೇಲನಿಗೆ ಇದು ಗೊತ್ತಾಗುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಅಷ್ಟೂ ದಿನ ಹಾಲು, ಮೊಟ್ಟೆ ಎಲ್ಲವನ್ನೂ ಮುದ್ದಿನಿಂದಲೇ ತಿನ್ನಿಸಿದ್ದೆವು. ಇಂದು ಹನ್ನೊಂದರ ಹುಡುಗ, "ಅಮ್ಮೀ" ಎನ್ನಲಾರ. ಮಿನಾಜ ಹುಟ್ಟಿದ ಕೂಡಲೇ ಹಿಮ್ಮಡಿಯ ರಕ್ತ ಪರೀಕ್ಷೆ ಮಾಡಿಸಿದೆವು. ಅಳೆದ ಊಟ, ವೈದ್ಯರು ಬರೆದುಕೊಟ್ಟ ಪುಡಿ, ಇವುಗಳ ಮೇಲೆಯೇ ಬೆಳೆದ ಅವಳು ತರಗತಿಗೆಲ್ಲ ಮಗ್ಗಿ ಹೇಳಿಕೊಡುತ್ತಾಳೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕಚೇರಿಗೆ ಬೇಕು?

ಮಿನಾಜ ನಿಮಗೂ ಹೇಳಿದಳು: "ಸರ್, ಹಾಲು ಕುಡದ್ರ ನನ್ನ ತಲಿ ಕೆಡತೈತ್ರಿ." ಸಭೆ ನಕ್ಕಿತು. "ಎಷ್ಟ್ ಶಾಣ್ಯಾ ಅದಾಳ ನೋಡ್ರಿ, ಛಲೋ ನೆವ ಹುಡುಕ್ಯಾಳ!" ಎಂದು ನೀವೂ ನಕ್ಕು ಲೋಟವನ್ನು ಅವಳ ಬಾಯಿಗೆ ಹಿಡಿದಿರಿ. ನಾನು ಓಡಿ ಬಂದು ಕಸಿದುಕೊಳ್ಳುವಷ್ಟರಲ್ಲಿ ಅರ್ಧ ಒಳಗೆ ಹೋಗಿತ್ತು. "ಒಂದ್ ಲೋಟಕ್ಕ ಏನಾಗತೈತ್ರೀ ತಾಯಿ?" ಎಂದಿರಿ.

ಒಪ್ಪಿದೆ, ಒಂದು ಲೋಟಕ್ಕೆ ಆಕಾಶ ಕಳಚಿ ಬೀಳದು. ಆದರೆ ಶಾಲೆಯ ಅಡುಗೆಯ ಸಕ್ರವ್ವ ಆ ದೃಶ್ಯ ನೋಡುತ್ತಿದ್ದಳು. ಬರೀ ಅನ್ನ ಉಣ್ಣುವ ಕೂಸನ್ನು ಕಂಡು ಸುಮ್ಮನಿರುವುದು ನಮ್ಮ ಕಡೆ ಪಾಪ. ಆದರೂ ಬೇಳೆ ಹಾಕಬೇಡವೆಂದ ನನ್ನ ಮಾತಿಗಾಗಿ ಅವಳು ಅಲ್ಲಿಯವರೆಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ನಿಮ್ಮನ್ನು ಕಂಡ ಮರುದಿನದಿಂದ ಮಿನಾಜಳಿಗೂ ಬೇಳೆ ಬಡಿಸತೊಡಗಿದಳು. ಕೇಳಿದರೆ ಅತ್ತುಬಿಟ್ಟಳು: "ಸಾಹೇಬ್ರ ಹಾಲು ಕುಡಿಸ್ಯಾರಂದ್ರ ನನ್ನ ಬ್ಯಾಳಿಗೆ ಏನಾಗತೈತಿ ಅಂತ ತಿಳದ್ನಿ, ಯವ್ವಾ." ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲಿದೆ, ಬೇಕಾದಷ್ಟಿದೆ.

ಮುಂದಿನ ರಕ್ತ ಪರೀಕ್ಷೆಯಲ್ಲಿ ಆ ಅಂಶ ಏರಿತ್ತು. ಏಳರ ಮಗ್ಗಿ ಹೇಳುತ್ತಿದ್ದವಳು ನಡುವೆ ತಡವರಿಸಿ ನಿಂತು, "ಅಮ್ಮೀ, ನಾನೂ ಸೊಹೇಲ ಭಾಯಿಯಂಗ ಆಗ್ತೀನೇನು?" ಎಂದಳು. ಅವಳಿಗೆ ಹಾಲು, ಬೇಳೆ ಕೊಡಬಾರದೆಂದು ಶಾಲೆಗೊಂದು ಆದೇಶ ಬರೆದುಕೊಡಿ ಎಂದು ನಿಮ್ಮ ಕಚೇರಿಗೆ ಬಂದರೆ, "ಸಂಬಂಧದಾಗ ಮದುವಿ ಆದ್ರ ಹಿಂಗ ನೋಡ್ರಿ" ಎಂಬ ಉಪದೇಶ ಸಿಕ್ಕಿತು. ಆದೇಶ ಸಿಗಲಿಲ್ಲ.

ಗುಟ್ಟಾಗಿ ಕೇಳುವ ಕ್ಷಮೆ ನನಗೆ ಬೇಡ. ಅದೇ ವೇದಿಕೆ ಹತ್ತಿ, ಅದೇ ಮೈಕು ಹಿಡಿದು, ಕೂಸು ಹೇಳಿದ್ದೇ ಸರಿ, ನಾನೇ ತಪ್ಪು ಎನ್ನಿ. ನಿಮ್ಮನ್ನು ನೋಡಿ ಕಲಿತವರು ನಿಮ್ಮ ಬಾಯಿಂದಲೇ ಅದನ್ನು ಮರೆಯಬೇಕು. ಜಿಲ್ಲೆಯಲ್ಲಿ ಹುಟ್ಟುವ ಪ್ರತಿ ಕೂಸಿಗೂ ಹಿಮ್ಮಡಿಯ ಹನಿ ರಕ್ತದ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಊಟದ ಹೊತ್ತಿಗೆ ಮಗಳ ತಟ್ಟೆಯ ಪಕ್ಕ ನಾನೇ ಕೂರುತ್ತೇನೆ. ಎಬ್ಬಿಸಬೇಕೆಂದರೆ ಪೊಲೀಸರನ್ನು ಕಳಿಸಿ.

ಇಂತಿ,
ಮಗನಿಗೆ ತಡವಾಗಿ, ಮಗಳಿಗೆ ವೇಳೆಗೆ ಎಚ್ಚೆತ್ತ ತಾಯಿ
ಶಾಹೀನ, ಟಿಕೋಟಾ