ಸೀಟಿನ ಕೆಳಗಿನ ಕರಿದಾರ

ಬೀರಣ್ಣನ ಅಣ್ಣನವರಿಗೆ,

ಚಪಳಗಾಂವದಿಂದ ನಿಮ್ಮ ಹೆಂಡತಿ ಚಂದ್ರಭಾಗಾ ಮಾಡುವ ನಮಸ್ಕಾರ. ಬದುಕಿದ್ದಾಗ ನಿಮ್ಮ ಹೆಸರು ಹಿಡಿದು ಕರೆಯಲಿಲ್ಲ. ನೀವು ಹೋಗಿ ಎರಡು ವರ್ಷವಾಯಿತು, ಕಾಗದದಲ್ಲಿ ಬರೆಯಲೂ ಕೈ ಏಳುವುದಿಲ್ಲ.

ಐವತ್ನಾಲ್ಕನೇ ಇಸವಿಯಲ್ಲಿ ಸೊಲ್ಲಾಪುರದ ಕಂಪನಿಯವರು ಬೆಳೆಗೆ ಔಷಧ ಚೆಲ್ಲುವ ಸಣ್ಣ ವಿಮಾನ ತಂದರು. ಹಿಂದಿನ ಸೀಟಿನಲ್ಲಿ ಕೂತು ಪುಡಿ ಬಿಡುವ ಕೆಲಸ ನಿಮಗೆ ಸಿಕ್ಕಿತು. ಕುರಿ ಕಾಯುವ ಮನೆಯವನು ಆಕಾಶಕ್ಕೆ ಹೋಗುತ್ತಾನೆಂದು ನೀವು ಊರಲ್ಲೂ ನೆಲ ಬಿಟ್ಟೇ ನಡೆಯುತ್ತಿದ್ದಿರಿ. ನಾನು ಕರಿ ಉಣ್ಣೆ ಹೊಸೆದು, ನಮ್ಮ ದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಕಂಕಣ ತಂದೆ. ಕೈಗೆ ಕಟ್ಟಲು ಹೋದರೆ ನಕ್ಕಿರಿ: “ನನಗ್ಯಾಕ? ವಿಮಾನಕ್ಕ ಕಟ್ಟು. ಅದು ಬೀಳದಿದ್ರ ನಾನೂ ಬೀಳಂಗಿಲ್ಲ.” ನಿಮ್ಮ ಮಾತು ಕೇಳಿ ಸೀಟಿನ ಕೆಳಗಿನ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿದೆ.

ಅದೇ ವರ್ಷ ತಡವಳದ ಜೋಳದ ಹೊಲದಲ್ಲಿ ವಿಮಾನ ಬಿತ್ತು. ನೀವೂ ಹೋದಿರಿ, ಹಾರಿಸುವವನೂ ಹೋದ. ಮುರಿದ ವಿಮಾನವನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಗಂಡ ಸತ್ತರೆ ಹೆಂಡತಿಯ ಕುಂಕುಮ ಅಳಿಸುತ್ತಾರೆ. ವಿಮಾನ ಬಿದ್ದರೆ ಬಾಲದ ನಂಬರು ಅಳಿಸಿ ಬೇರೆ ಬರೆಯುತ್ತಾರೆಂದು ನನಗೇನು ಗೊತ್ತು?

ಈ ವರ್ಷ ಕಂಪನಿಗೆ “ಹೊಸ” ವಿಮಾನ ಬಂತು. ನಿಮ್ಮ ಕೆಲಸ ನಿಮ್ಮ ತಮ್ಮ ಬೀರಣ್ಣನಿಗೆ ಸಿಕ್ಕಿತು. ಕಟ್ಟಲೇಬೇಕೆಂದು ಮನೆಯವರು ಬಿಡಲಿಲ್ಲ, ಮತ್ತೆ ವಿಮಾನಕ್ಕೆ ಕಂಕಣ ಕಟ್ಟಲು ಹೋದೆ. ಸೀಟಿನ ಕೆಳಗೆ ಕೈ ಹಾಕಿದರೆ ಬೆರಳಿಗೆ ಗಂಟು ತಾಗಿತು. ಮೇಲೆ ಹಸಿ ಬಣ್ಣ. ಉಗುರಿನಿಂದ ಕೆರೆದೆ, ಒಳಗೆ ಕರಿ ಉಣ್ಣೆ. ನನ್ನ ಗಂಟು ನನಗೆ ತಿಳಿಯದೆ?

ಬೀರಣ್ಣನನ್ನು ಕರೆದು ತೋರಿಸಿದೆ. ಅವನ ಮುಖ ಅರಳಿತು. “ವೈನಿ, ಬಿದ್ದ ವಿಮಾನದಾಗ ದಾರ ಹರಿದಿಲ್ಲಂದ್ರ ಬೀರಪ್ಪ ಕಾಯ್ದಾನ. ಇನ್ನ ನನಗ ಅಂಜಿಕಿ ಇಲ್ಲ ನೋಡ್ರಿ.” ಕಾಯ್ದದ್ದು ದಾರವನ್ನು, ನಿನ್ನ ಅಣ್ಣನನ್ನಲ್ಲ, ಹತ್ತಬೇಡ ಎಂದು ಅಂಗಲಾಚಿದೆ. ನಿಮ್ಮ ರಕ್ತವೇ ಅಲ್ಲವೆ, ಕೇಳೀತೆ?

ನಿನ್ನೆ ಮಂಗಳವೇಢೆ ಕಡೆ ವಿಮಾನ ಮತ್ತೆ ಬಿತ್ತು.

ನಾವು ಓಡಿಹೋದ ಆ ಹೊಲಕ್ಕೆ ವಿಚಾರಣೆಯ ಸಾಹೇಬರು ಬಂದು, ಈ ವಿಮಾನ ಹಿಂದೆ ಬಿದ್ದಿತ್ತೆ ಎಂದು ಕೇಳಿದರು. “ಹಾ ನಂಬರ್ ಕಧೀಚ್ ಪಡಲಾ ನಾಹೀ,” ಈ ನಂಬರು ಎಂದೂ ಬಿದ್ದಿಲ್ಲ ಎಂದ ಕಂಪನಿಯವನು. ಸುಳ್ಳಲ್ಲ ನೋಡಿ. ನಂಬರು ಬಿದ್ದಿರಲಿಲ್ಲ, ಬಿದ್ದವರು ನೀವು. ನಾನು ಮುರಿದ ಸೀಟಿನ ಕೆಳಗಿಂದ ದಾರ ಬಿಚ್ಚಿ ತಂದು ಸಾಹೇಬರ ಮುಂದೆ ಹಿಡಿದೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, ಜೀಪು ಹತ್ತಿದರು. ಅವರ ಹೊಟ್ಟೆ ತಣ್ಣಗಿರಲಿ ಎನ್ನಲು ನನ್ನಿಂದಾಗುವುದಿಲ್ಲ.

ಹೊತ್ತು ಮುಳುಗುವ ಮೊದಲು ನಿಮ್ಮ ಪಕ್ಕದಲ್ಲೇ ಬೀರಣ್ಣನನ್ನು ಮಣ್ಣು ಮಾಡುತ್ತಾರೆ. ಈ ಕಾಗದ ಅವನ ಅಂಗಿಯ ಕಿಸೆಯಲ್ಲಿಟ್ಟು ಕಳಿಸುತ್ತಿದ್ದೇನೆ. ಮುಖ ನೋಡಿದರೆ ನಿಮಗೆ ಗುರುತು ಸಿಗುವುದಿಲ್ಲ. ಬಲಗೈ ನೋಡಿ. ನಿಮ್ಮ ಸೀಟಿನ ದಾರ ಅಲ್ಲಿದೆ. ಈ ಸಲ ಮನುಷ್ಯನಿಗೇ ಕಟ್ಟಿದ್ದೇನೆ.

ಅಣ್ಣತಮ್ಮಂದಿರನ್ನು ಬೀರಪ್ಪ ಅಲ್ಲಾದರೂ ಅಗಲಿಸದಿರಲಿ.

ಇಲ್ಲೇ ಉಳಿದ,
ಚಂದ್ರಭಾಗಾ