ನಿಮ್ಮ ‘ಶಾಶ್ವತ’ದ ಆಯಸ್ಸು

ಪಿಂಚಣಿ ಇಲಾಖೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಒಂದು ಪದ ನನ್ನ ಅಕ್ಕನ ನಾಲ್ಕು ವರ್ಷಗಳನ್ನು ನುಂಗಿತು. ಆ ಪದ ‘ಶಾಶ್ವತ’.

ಅಕ್ಕ ಎಲ್ವೀರಾಳಿಗೆ ಅರವತ್ತೆರಡು ತುಂಬಿದಾಗ, ಭಾವ ರೈನೊ ಅದಿರು ಹಡಗುಕಟ್ಟೆಯಿಂದ ನಿವೃತ್ತರಾಗಿ ಪೂರ್ಣ ಪಿಂಚಣಿ ಪಡೆಯುತ್ತಿದ್ದರು. ಅದರ ಮೇಲೆ ಹೆಂಡತಿಗೆ ಸಿಗುವ ಪಾಲನ್ನು ಕೇಳಲು ಅವಳು ನಿಮ್ಮ ಕಚೇರಿಗೆ ಹೋದಳು. ‘ಪೂರ್ಣ ವಯಸ್ಸಿಗೆ ಮೊದಲೇ ತೆಗೆದುಕೊಂಡರೆ ಶಾಶ್ವತ ಕಡಿತ’ ಎಂಬ ಕೈಪಿಡಿಯ ಸಾಲಿನ ಕೆಳಗೆ ನಿಮ್ಮ ಗುಮಾಸ್ತರು ಗೆರೆ ಎಳೆದು ಕೊಟ್ಟರು. ಶಾಶ್ವತವೆಂದರೆ ಗಂಡ ಸತ್ತ ಮೇಲೆ ಸಿಗುವುದರಲ್ಲೂ ಕಡಿತ ಎಂದು ಅವಳು ತಿಳಿದಳು. ಬೇರೆ ಹೇಗೆ ತಿಳಿಯಬೇಕಿತ್ತು? ಪೂರ್ಣ ವಯಸ್ಸಾದ ಅರವತ್ತಾರು ತುಂಬುವವರೆಗೆ ಕಾಯೋಣವೆಂದು ಅರ್ಜಿ ಹಾಕದೆ ಮೋಟೆಲೊಂದರ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು.

ಚಳಿಗಾಲದಲ್ಲಿ ಭಾವ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯುವ ಗುಡಿಸಲು ಹೂಡುತ್ತಿದ್ದರು. ಆ ವರ್ಷ ಅದರೊಳಗೆ ಎರಡನೆಯ ಸ್ಟೂಲೊಂದನ್ನು ಮಾಡಿಟ್ಟರು.

“ಆ ಪಾಲು ತೊಗೊಂಡು ಬಂದು ಕೂತ್ಕೊಳ್ಳೇ. ಮೀನಿಗೂ ನನ್ನ ಮುಖ ನೋಡಿ ನೋಡಿ ಬೇಜಾರಾಗಿದೆ.”

“ನೀನು ಹೋದ್ಮೇಲೆ ನನಗೆ ಅನ್ನ ಹಾಕೋರು ಯಾರು, ನಿನ್ನ ಮೀನಾ?”

“ಅಷ್ಟು ಬೇಗ ಕಳಿಸ್ಬೇಡ ಮಾರಾಯ್ತಿ.”

ಅವಳ ಪೂರ್ಣ ವಯಸ್ಸಿಗೆ ಕೆಲವೇ ವಾರ ಬಾಕಿಯಿದ್ದಾಗ ಭಾವ ತೀರಿಕೊಂಡರು. ವಯಸ್ಸು ತುಂಬಿದ ಮೇಲೆ ಅವಳ ಜೊತೆ ನಾನೂ ನಿಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆಯ ಹುಡುಗಿ ಒಳ್ಳೆಯವಳು.

“ನಿಮ್ಮ ಯಜಮಾನ್ರಿಗೆ ಬರ್ತಿದ್ದಷ್ಟೂ ಬರುತ್ತೆ, ಅಮ್ಮಾ.”

“ನಾನು ಕಾದಿದ್ದಕ್ಕೆ, ಅಲ್ವಾ?”

“ಇಲ್ಲಮ್ಮಾ. ಹೆಂಡತಿ ಪಾಲು ಬೇರೆ, ವಿಧವೆ ಪಾಲು ಬೇರೆ. ಹೆಂಡತಿ ಪಾಲನ್ನ ಅರವತ್ತೆರಡಕ್ಕೇ ತೊಗೊಂಡಿದ್ರೂ ಇದು ಇಷ್ಟೇ ಇರ್ತಿತ್ತು.”

ಅಕ್ಕ ಕೈಚೀಲದ ಗುಂಡಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವನು. ತಮ್ಮನ್ನು ಶಾಶ್ವತವೆಂದು ಕರೆದುಕೊಂಡ ಸಾಮ್ರಾಜ್ಯಗಳ ಪಟ್ಟಿ ನನಗೆ ಬಾಯಿಪಾಠ. ನಮ್ಮೂರ ಗಣಿಯೂ ಶಾಶ್ವತವೆಂದು ಭಾಷಣ ಕೇಳಿದ್ದೇನೆ. ನೀರು ತುಂಬಿ ಅಲ್ಲೀಗ ಬಾತುಕೋಳಿಗಳು ಈಜುತ್ತವೆ. ಆದರೆ ಗಂಡನ ಉಸಿರಿನೊಂದಿಗೇ ಮುಗಿಯುವ ಶಾಶ್ವತವನ್ನು ಕಂಡುಹಿಡಿದ ಕೀರ್ತಿ ನಿಮ್ಮದೇ. ಗಂಡ ತನ್ನ ಪಿಂಚಣಿಯನ್ನು ಅವಧಿಗೆ ಮೊದಲೇ ತೆಗೆದುಕೊಂಡಿದ್ದರೆ ಅಥವಾ ವಿಧವೆ ತನ್ನ ಪಾಲಿಗೆ ಅವಸರಪಟ್ಟರೆ ಆಗ ಆ ಪಾಲು ಕಡಿಮೆಯಾಗಬಹುದು, ಅಲ್ಲಿ ಹೆದರಬೇಕು. ಹೆದರಬೇಕಾಗಿಲ್ಲದ ಕಡೆ ಹೆದರಿಸಿ ಕಳಿಸಿದಿರಲ್ಲ, ಅದಕ್ಕೆ ಯಾವ ಕಿಟಕಿಯಲ್ಲಿ ಅರ್ಜಿ ಹಾಕಬೇಕು?

ಹಣ ಹಿಂದಿರುಗಿಸಿ ಎಂದು ಕೇಳುತ್ತಿಲ್ಲ. ನಾಲ್ಕು ಚಳಿಗಾಲಗಳನ್ನು ನೀವು ಹಿಂದಿರುಗಿಸಲಾರಿರಿ. ಆ ಪದದ ಪಕ್ಕದಲ್ಲಿ ‘ಇದರಿಂದ ವಿಧವೆಯ ಪಾಲು ಕಡಿಮೆಯಾಗುವುದಿಲ್ಲ’ ಎಂಬ ಒಂದು ಸಾಲು ಅಚ್ಚುಹಾಕಿಸಿ. ಹಾಕಿಸುವುದಿಲ್ಲವೆಂದು ಗೊತ್ತು. ಇದು ನನ್ನ ಮೂರನೆಯ ಪತ್ರ.

ಗುಡಿಸಲನ್ನು ಕಳೆದ ವಾರ ಬಿಚ್ಚಿದೆವು. ಒಂದು ಸ್ಟೂಲಿನ ಮೇಲ್ಮೈ ಕೂತು ಕೂತು ನುಣುಪಾಗಿತ್ತು. ಇನ್ನೊಂದರ ಮೇಲೆ ಭಾವ ಎಳೆದ ಪೆನ್ಸಿಲ್ ಗುರುತು ಇನ್ನೂ ಅಳಿಸಿರಲಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ‘ಉತ್ತರಿಸಲಾಗಿದೆ’ ಎಂದು ಮುಚ್ಚಿಹೋಗಲಿರುವ,
ಆರ್ವಿಡ್ ಸಾಲ್ಮೆಲಾ
ಸುಪೀರಿಯರ್ ಸರೋವರದ ಉತ್ತರ ದಂಡೆ, ಮಿನ್ನೆಸೋಟ